ಹಸಿರು ಟವೆಲ್ಲಿನ ಗಂಟು

ಕಂತು ಒಂಬತ್ತು

"ಮುಟ್ಟಬ್ಯಾಡ್ರಿ ಮೇಡಂ, ಅದು ಗಾಳಿ ಬಿಡಿಸಿದ ಬಟ್ಟೆ," ಎಂದರು ಮಕ್ತುಮ್ ಸಾಬ್.

ಸಬ್ ಇನ್‌ಸ್ಪೆಕ್ಟರ್ ಅಂಬಿಕಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಗ್ಲೌಸು ಹಾಕಿಕೊಂಡಿದ್ದಳು, ಅದು ದೆವ್ವದ ಭಯಕ್ಕಲ್ಲ. ಗೋಣಿಚೀಲದ ಬಾಯಿ ಬಿಚ್ಚಿ ಒಂದೊಂದೇ ಬಟ್ಟೆ ಎತ್ತಿ ಪಕ್ಕಕ್ಕಿಡುತ್ತಾ ಹೋದಳು. ಸೀರೆ, ಲಂಗ, ಮಗುವಿನ ಅಂಗಿ, ಮತ್ತೆ ಸೀರೆ.

"ನಿಮ್ಮ ಕೆಲಸದ ಹೆಂಗಸರು ದಿನಾ ಮುಟ್ಟತಾರಲ್ಲ ಸಾಬ್?"

"ಅವರದು ಬಿಡ್ರಿ. ಇಪ್ಪತ್ತು ವರ್ಷದಿಂದ ಮುಟ್ಟಿ ಮುಟ್ಟಿ, ದೆವ್ವಗಳೇ ಅವರನ್ನ ಕಂಡ್ರೆ ದಾರಿ ಬಿಡ್ತವೆ."

ಗೋದಾಮಿನ ಮೂಲೆಯಲ್ಲಿ ಈಳಿಗೆ ಮಣೆ ಮುಂದೆ ಕೂತು ಗುಂಡಿ ಕೀಳುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅಂಬಿಕಾಗೆ ನಗು ಬರಲಿಲ್ಲ. ಬೆಳಗಿನಿಂದ ಅವಳಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ, ಕೂರಲು ಅಂತೂ ಮೊದಲೇ ಆಗುತ್ತಿರಲಿಲ್ಲ. ಹರಿಹರದ ಆ ತಗಡಿನ ಶೆಡ್ಡಿನೊಳಗೆ ಹತ್ತು ಗಂಟೆಗೇ ಕಾವು ಏರಿತ್ತು.

ಉಕ್ಕಡಗಾತ್ರಿಯ ಕರಿಬಸವೇಶ್ವರನಿಗೆ ನಡೆದುಕೊಳ್ಳುವವರು ಹೊಳೆಯಲ್ಲಿ ಮುಳುಗಿ ಎದ್ದು, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಬಟ್ಟೆಯ ಜೊತೆ ಕಾಟವೂ ಅಲ್ಲೇ ಉಳಿಯಲಿ ಎಂದು. ದಡದಲ್ಲಿ ಬಿದ್ದದ್ದನ್ನು ಆಯ್ದು ತರುವವರಿದ್ದಾರೆ, ಅವರಿಂದ ಕೊಳ್ಳುವವರು ಮಕ್ತುಮ್ ಸಾಬ್. ಒಗೆಸಿ, ಗುಂಡಿ ಕಿತ್ತು, ಅಂಗೈಯಗಲ ಕತ್ತರಿಸಿ ವರ್ಕ್‌ಶಾಪುಗಳಿಗೆ ಮಾರುತ್ತಾರೆ. ದೇವರು ಬಿಡಿಸಿದ ಕಾಟ ಕೊನೆಗೆ ಲೇತ್ ಮಷೀನಿನ ಎಣ್ಣೆ ಒರೆಸುತ್ತದೆ. ಈ ವ್ಯಾಪಾರ ಇದೆಯೆಂಬುದೇ ಅಂಬಿಕಾಗೆ ನಿನ್ನೆ ಮಧ್ಯಾಹ್ನದವರೆಗೆ ಗೊತ್ತಿರಲಿಲ್ಲ.

"ಹೋದ ಅಮಾಸೆ ಮಾಲು ಇದೇ ಹೌದಲ್ಲ?"

"ಇದೇ ಮೇಡಂ. ಒಗೆಯೋಕೆ ಇನ್ನೂ ಹಾಕಿಲ್ಲ. ನಿಮಗೆ ಬೇಕಾಗಿರೋದು ಏನು, ಅದನ್ನಾದ್ರೂ ಹೇಳ್ರಿ."

"ಹಸಿರು ಟವೆಲ್ಲು. ಅದರಾಗೆ ಗಂಟು ಕಟ್ಟಿದ ಒಂದು ಚೂಡಿದಾರು. ನೀರಿಗೆ ಹಾಕಿರಲಿಲ್ಲ, ಹಂಗೇ ಮೆಟ್ಟಿಲ ಮ್ಯಾಲೆ ಇಟ್ಟು ಬಂದಾರೆ."

ಮಕ್ತುಮ್ ಸಾಬ್ ಗಡ್ಡ ಕೆರೆಯುತ್ತಿದ್ದ ಕೈ ನಿಲ್ಲಿಸಿದರು.

ಈ ಗಂಟಿನ ಮೇಲೆ ನಿಂತಿದ್ದದ್ದು ಒಬ್ಬ ಹುಡುಗಿಯ ಮಾತು. ಭವ್ಯಾ, ಇಪ್ಪತ್ತೆರಡು ವರ್ಷ. ದಾವಣಗೆರೆ ಮಂಡಿಪೇಟೆಯ ಸಗಟು ವ್ಯಾಪಾರಿ ಗುರುಮೂರ್ತಿಯ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು. ರಜೆಯ ಭಾನುವಾರ ಸ್ಟಾಕ್ ನೋಡಬೇಕೆಂದು ಹರಿಹರದಲ್ಲಿರುವ ತನ್ನ ಗೋದಾಮಿಗೆ ಅವಳೊಬ್ಬಳನ್ನೇ ಕರೆಸಿ, ಬಾಗಿಲು ಹಾಕಿ, ಗುರುಮೂರ್ತಿ ಅತ್ಯಾಚಾರ ಮಾಡಿದನೆಂಬುದು ಅವಳ ದೂರು. ಬಿಡಿಸಿಕೊಳ್ಳುವಾಗ ಹಮಾಲರು ಚೀಲ ಎತ್ತುವ ಕೊಕ್ಕೆ ಕೈಗೆ ಸಿಕ್ಕಿ, ಅವನ ಮುಂಗೈಗೆ ಬೀಸಿದ್ದಳು. ಅವನ ರಕ್ತ ಅವಳ ವೇಲ್ ಮೇಲೆ ಸುರಿದಿತ್ತು.

ಗುರುಮೂರ್ತಿ ಹೇಳುವುದೇ ಬೇರೆ. ಆ ಭಾನುವಾರ ನಾನು ರಾಣೆಬೆನ್ನೂರಿನ ಮದುವೆಯಲ್ಲಿದ್ದೆ, ಕೈಗಾದ ಗಾಯ ಕಾರಿನ ಬಾಗಿಲಿಗೆ ಸಿಕ್ಕಿದ್ದು. ಮದುವೆಯಲ್ಲಿ ಅವನನ್ನು ಕಂಡೆವು ಎನ್ನುವ ಆರು ಜನ ಮರ್ಯಾದಸ್ಥರಿದ್ದರು. ಆ ಭಾನುವಾರದ ಬಗ್ಗೆ ಭವ್ಯಾಳ ಕಡೆ ಅವಳ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಎಂಟು ದಿನ ತಡವಾಗಿ ದೂರು ಕೊಟ್ಟಿದ್ದರಿಂದ ವೈದ್ಯರ ತಪಾಸಣೆಯಲ್ಲೂ ಏನೂ ಸಿಕ್ಕಿರಲಿಲ್ಲ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನ ಜಾಮೀನು ಅರ್ಜಿಯ ವಿಚಾರಣೆ.

"ಅವನು ಹೊರಗೆ ಬಂದ್ರೆ ನಾನು ಕೇಸ್ ನಡೆಸಲ್ಲ ಮೇಡಂ," ಎಂದಿದ್ದಳು ಭವ್ಯಾ. ಅಳಲಿಲ್ಲ, ಕೂಗಲಿಲ್ಲ. "ನಮ್ಮನೆ ಇರೋದು ಅವನ ಅಂಗಡಿ ಹಿಂದಿನ ಓಣಿಯಾಗೆ. ಹಾಲು ತರಾಕೆ ಹೋದ್ರೂ ಅವನ ಮುಂದೇ ಹಾಯಬೇಕು. ನನ್ನಿಂದ ಆಗಲ್ಲ."

ಆ ಮಾತು ಅಂಬಿಕಾಳ ಎದೆಯಲ್ಲಿ ಮುಳ್ಳು ಮುರಿದುಕೊಂಡಂತೆ ಕೂತಿತ್ತು. ತನ್ನ ಬಳಿ ಬರುವ ಮೊದಲೇ ಈ ಹುಡುಗಿ ಐದು ಜನ ಅಧಿಕಾರಿಗಳ ಮುಂದೆ ಅದೇ ಕಥೆ ಹೇಳಿ ಬಂದಿದ್ದಳು. ಒಬ್ಬರು ಬಾಗಿಲು ಹಾಕಿಕೊಂಡಿರಲಿಲ್ಲ, ಒಬ್ಬರು ಫೋನಿನಲ್ಲಿ ಮಾತಾಡುತ್ತಾ ಕೇಳಿಸಿಕೊಂಡಿದ್ದರು, ಒಬ್ಬರು ಯಾವ ಬಣ್ಣದ ಬಟ್ಟೆ ಹಾಕಿದ್ದೆ ಎಂದು ನಕ್ಕಿದ್ದರು. ಆರನೆಯವಳು ಅಂಬಿಕಾ. ಇನ್ನು ಯಾರಿಗೂ ಹೇಳಬೇಕಾಗಿಲ್ಲ, ಮುಂದಿನದು ನನ್ನ ಕೆಲಸ ಎಂದು ಮಾತು ಕೊಟ್ಟಿದ್ದಳು. ಪೊಲೀಸರು ಮಾತು ಕೊಡುವುದು ಸುಲಭ, ಉಳಿಸಿಕೊಳ್ಳುವಾಗ ಗೊತ್ತಾಗುತ್ತದೆ.

"ಹಸಿರು ಟವೆಲ್ಲಿಂದು ಇತ್ತು ಮೇಡಂ," ಎಂದರು ಮಕ್ತುಮ್ ಸಾಬ್.

"ಇತ್ತು ಅಂದ್ರೆ?"

"ಬೆಳಿಗ್ಗೆ ಏಳಕ್ಕೆ ನಾನು ಬೀಗ ತೆಗೆಯೋ ಹೊತ್ತಿಗೇ ಒಬ್ಬ ಹೆಣ್ಣುಮಗಳು ಬಾಗಿಲಾಗೆ ನಿಂತಿದ್ಲು. ಅದನ್ನೇ ಕೇಳಿದ್ಲು. ಹುಡುಕಿ ಕೊಟ್ಟೆ."

ಅಂಬಿಕಾಳ ಕೈಯಲ್ಲಿದ್ದ ಸೀರೆ ನೆಲಕ್ಕೆ ಬಿತ್ತು. "ಯಾರು ಏನು ಅಂತ ಕೇಳದೇ ಕೊಟ್ರಾ?"

"ಕೇಳೋ ಹಂಗಿರಲಿಲ್ಲ ಮೇಡಂ. ಗಂಟು ಕಂಡ ಕೂಡಲೇ ಎದಿಗೆ ಅವುಚಿಕೊಂಡು ಅಳಾಕೆ ಹತ್ತಿದಳು. ಸತ್ತೋರ ಬಟ್ಟೆ ಇರಬೇಕು ಅನ್ಕೊಂಡೆ. ನಾನೂ ಮಕ್ಕಳೊಂದಿಗ. ರೊಕ್ಕ ಕೂಡ ಮುಟ್ಟಲಿಲ್ಲ."

"ಹೆಂಗಿದ್ಲು?"

"ಐವತ್ತರ ಮ್ಯಾಲೆ. ತಲೆ ತುಂಬ ಸೆರಗು. ಎಡಗಾಲು ಸ್ವಲ್ಪ ಎಳೆದು ಹಾಕತಾಳೆ. ಸಾರಥಿ ಹಳ್ಳಿ ಬಸ್ಸು ಎಲ್ಲಿ ನಿಲ್ಲತೈತೆ ಅಂತ ಕೇಳಿದ್ಲು."

ಬೇರೆ ಗುರುತು ಬೇಕಾಗಿರಲಿಲ್ಲ. ಎಡಗಾಲು ಎಳೆದು ಹಾಕುವ ಆ ಹೆಂಗಸು ಮೂರು ವಾರದಿಂದ ಠಾಣೆಯ ಬೆಂಚಿನ ಮೇಲೆ ಕೂತು ಅಂಬಿಕಾ ಬಂದಾಗಲೆಲ್ಲ ಎದ್ದು ನಿಂತು ಕೈಮುಗಿಯುತ್ತಿದ್ದಳು. ಭವ್ಯಾಳ ತಾಯಿ ಮಾರೆಮ್ಮ.

ಜೀಪು ಹರಿಹರದ ಸಂದಣಿ ದಾಟುವಷ್ಟರಲ್ಲಿ ಅಂಬಿಕಾ ಡ್ರೈವರ್ ಮುಜಾಹಿದ್‌ಗೆ ನಾಲ್ಕು ಸಲ "ಸ್ವಲ್ಪ ಜೋರು" ಎಂದಿದ್ದಳು.

"ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಐತೆ ಮೇಡಂ. ಮ್ಯಾಲೆ ಹಾರಿಸಲಾ?"

"ಹಾರಿಸು."

ಅವನು ಹಾರಿಸಲಿಲ್ಲ, ಹಾರ್ನ್ ಹೊಡೆದ. ಅಂಬಿಕಾ ಸೀಟಿನ ಅಂಚಿಗೆ ಕೂತು ಪೆನ್ನಿನ ತುದಿಯನ್ನು ಒತ್ತುತ್ತಾ ಬಿಡುತ್ತಾ ಇದ್ದಳು. ಮಾರೆಮ್ಮ ಮೊದಲ ದಿನದಿಂದಲೂ ಸುಳ್ಳು ಹೇಳಿದ್ದಳು. ಬಟ್ಟೆ ಎಲ್ಲಿ ಎಂದರೆ ಸುಟ್ಟುಬಿಟ್ಟೆ ಎಂದಿದ್ದಳು. ಅಮಾವಾಸ್ಯೆಯ ದಿನ ಮಗಳನ್ನು ಉಕ್ಕಡಗಾತ್ರಿಗೆ ಕರೆದೊಯ್ದದ್ದು, ಬಟ್ಟೆ ಅಲ್ಲಿ ಬಿಟ್ಟು ಬಂದದ್ದು ಮೊನ್ನೆ ಭವ್ಯಾಳ ಬಾಯಿಂದ ಹೊರಬಿದ್ದಿತ್ತು. ಈಗ ಗಂಟು ಎತ್ತಿಕೊಂಡು ಸಾರಥಿಗೆ ಹೋಗಿದ್ದಾಳೆ. ಸಾರಥಿಯಲ್ಲಿರುವುದು ಅವಳ ಅಣ್ಣ ಮಾಲತೇಶಪ್ಪನ ಮನೆ. ಗುರುಮೂರ್ತಿಯ ಕಡೆಯವರು ರಾಜಿಗೆಂದು ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದು ಅದೇ ಮನೆಯಲ್ಲಿ.

"ಹೆತ್ತ ತಾಯಿ ಹಂಗೆ ಮಾಡ್ತಾಳಾ ಮೇಡಂ?" ಮುಜಾಹಿದ್ ಅವಳ ಮನಸ್ಸನ್ನು ಓದಿದವನಂತೆ ಕೇಳಿದ.

"ಎಲ್ಲಾ ಮಾಡ್ತಾರೆ. ಮಗಳ ಮದುವಿ ಅಂದ್ರೆ ಏನ್ ಬೇಕಾದ್ರೂ ಮಾಡ್ತಾರೆ."

ಹೇಳಿದ ಮೇಲೆ ತನ್ನ ಮಾತು ತನಗೇ ಕಹಿಯಾಯಿತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಂಥ ಏಳು ಕೇಸು ಅವಳ ಕಣ್ಣೆದುರೇ ಮುಗಿದುಹೋಗಿದ್ದವು. ಒಂದೂ ಕೋರ್ಟಿನಲ್ಲಿ ಸೋತದ್ದಲ್ಲ. ಎಲ್ಲವೂ ಯಾರದೋ ಪಡಸಾಲೆಯಲ್ಲಿ, ಚಹಾ ಲೋಟದ ಮುಂದೆ ಸೋತಿದ್ದವು. ಎಂಟನೆಯದು ಹಾಗಾಗಲು ಬಿಡುವುದಿಲ್ಲ ಎಂಬ ಹಟ ಅವಳಲ್ಲಿ ಸಿಟ್ಟಾಗಿ ಕುದಿಯುತ್ತಿತ್ತು.

ಅವರು ಸಾರಥಿ ಮುಟ್ಟಿದಾಗ ಮಾಲತೇಶಪ್ಪ ಗದ್ದೆಗೆ ಹೋಗಿದ್ದ. ಮುಂಬಾಗಿಲು ತೆರೆದೇ ಇತ್ತು. ಅಂಬಿಕಾ ಕೂಗಲಿಲ್ಲ, ನೇರವಾಗಿ ನಡುಮನೆ ದಾಟಿ ಹಿತ್ತಲಿಗೆ ನಡೆದಳು.

ಒಗೆಯುವ ಕಲ್ಲಿನ ಪಕ್ಕ ಮಾರೆಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಪೊಲೀಸ್ ಬೂಟು ಕಂಡು ಗಡಬಡಿಸಿ ಎದ್ದು ಸೆರಗು ಸರಿ ಮಾಡಿಕೊಂಡಳು.

"ಬರ್ರಿ ಮೇಡಂ, ನೆಳ್ಳಾಗೆ ಕೂಡ್ರಿ. ನಾನೇ ಮಧ್ಯಾಹ್ನದ ಬಸ್ಸಿಗೆ ಸ್ಟೇಷನ್ನಿಗೆ ಬರಾಳಿದ್ದೆ."

"ಕೂಡ್ರಾಕೆ ಬಂದಿಲ್ಲ. ಗಂಟು ಎಲ್ಲಿ?"

"ಅದೇ ಮೇಡಂ..."

"ನಿಮ್ಮಣ್ಣ ಹೇಳಿಕೊಟ್ಟನಾ? ಅವರ ಜೊತೆ ರಾಜಿ ಮಾತಾತಾ? ಮಗಳಿಗೊಂದು ಮಾತು ಕೇಳಿದ್ರಾ, ಇಲ್ಲ ಅದೂ ನೀವೇ ತೀರ್ಮಾನ ಮಾಡಿಬಿಟ್ರಾ?"

ಮಾರೆಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹಿತ್ತಲ ಆಚೆ ಬದಿಗೆ ಕೈ ತೋರಿಸಿದಳು.

ಬೇಲಿಯ ಪಕ್ಕದ ಹಗ್ಗದ ಮೇಲೆ ಹಸಿರು ಟವೆಲ್ಲು ನೇತಾಡುತ್ತಿತ್ತು. ಅದರ ಪಕ್ಕ ಬಿಳಿ ಪ್ಯಾಂಟು. ಅದರ ಪಕ್ಕ ನೀಲಿ ಹೂವಿನ ಟಾಪು, ಎರಡು ತೋಳನ್ನೂ ನೀಟಾಗಿ ಎಳೆದು ಕ್ಲಿಪ್ಪು ಹಾಕಿತ್ತು. ಹಿತ್ತಲ ತುಂಬ ಸೋಪಿನ ವಾಸನೆ.

ಅಂಬಿಕಾ ಹಗ್ಗದ ತನಕ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

"ಏನು ಮಾಡಿದೆ ನೀನು?" ಇಷ್ಟು ದಿನ ಬಹುವಚನದಲ್ಲೇ ಮಾತಾಡಿಸುತ್ತಿದ್ದ ಹಿರಿಯ ಹೆಂಗಸನ್ನು ಏಕವಚನದಲ್ಲಿ ಕೇಳುತ್ತಿದ್ದೇನೆಂಬ ಎಚ್ಚರವೂ ಅವಳಿಗಿರಲಿಲ್ಲ. "ಅಯ್ಯೋ ದೇವರೇ, ಏನು ಮಾಡಿಬಿಟ್ಟೆ?"

"ಒಗೆದೆ ಮೇಡಂ."

"ಯಾಕೆ? ಯಾಕೆ ಒಗೆದೆ?"

"ಕೋರ್ಟಿಗೆ ಕೊಡಬೇಕು ಅಂದ್ರಲ್ರಿ ನೀವು." ಮಾರೆಮ್ಮ ಒಂದೇ ಉಸಿರಿಗೆ ಹೇಳುತ್ತಾ ಹೋದಳು. "ನಿನ್ನೆ ಸಂಜಿಗೆ ನೀವೇ ಫೋನ್ ಮಾಡಿ ಕೇಳಿದ್ರಿ, ಗಂಟು ಹೆಂಗಿತ್ತು, ಟವೆಲ್ಲು ಯಾವ ಬಣ್ಣ ಅಂತ. ಹರಿಹರದಾಗೆ ಮಕ್ತುಮ್ ಸಾಬರ ಹತ್ರ ಐತೆ, ಅದು ಕೋರ್ಟಿಗೆ ಬೇಕು ಅಂದ್ರಿ. ನಾನೇ ತಂದುಕೊಟ್ರೆ ನಿಮಗೆ ಓಡಾಟ ತಪ್ಪತೈತೆ ಅಂತ ಮೊದಲ ಬಸ್ಸಿಗೆ ಹೋದೆ. ಬಿಚ್ಚಿ ನೋಡಿದ್ರೆ ಆ ಹೊಲಸು, ಆ ವಾಸನೆ. ಅದಕ್ಕೇ ಹತ್ತಿರದ ಅಣ್ಣನ ಮನಿಗೆ ತಂದೆ. ಜಡ್ಜು ನೋಡ್ತಾರೆ, ವಕೀಲರು ನೋಡ್ತಾರೆ. ನಾಕು ಮಂದಿ ಗಂಡಸರು ನನ್ನ ಮಗಳ ಬಟ್ಟೆ ಎತ್ತಿ ಹಿಡಿದು ನೋಡ್ತಾರೆ. ಇಂಥ ಗಲೀಜು ಹುಡುಗಿ ಅನ್ನಬಾರದಲ್ರಿ. ನನ್ನ ಮಗಳು ದಿನಾ ಒಗೆದ ಬಟ್ಟೇನೇ ಹಾಕೋದು ಮೇಡಂ."

ಅಂಬಿಕಾಳ ಸಿಟ್ಟು ಒಮ್ಮೆಲೇ ಇಳಿದುಹೋಯಿತು. ಒಗೆಯುವ ಕಲ್ಲಿನ ಮೇಲೆ, ಒದ್ದೆಯೆಂದೂ ನೋಡದೆ ಕೂತುಬಿಟ್ಟಳು.

"ಆ ಹೊಲಸೇ ನಮಗೆ ಬೇಕಾಗಿತ್ತು ಮಾರೆಮ್ಮಾರೆ. ಅದರಾಗೇ ಅವನಿದ್ದ."

ಮಾರೆಮ್ಮ ಅವಳನ್ನೇ ದಿಟ್ಟಿಸಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡಳು.

"ಯಾಕೆ ಬೇಕು ಅಂತ ನೀವು ಹೇಳ್ಲೇ ಇಲ್ಲಲ್ರಿ," ಎಂದಳು. ದೂರುವ ದನಿಯಲ್ಲ, ನಿಜವಾಗಿಯೂ ಕೇಳುತ್ತಿದ್ದಳು. "ಯಾರೂ ಹೇಳ್ಲಿಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತು ಅಂತೀರಿ, ಒತ್ತತೀನಿ. ಹೊರಗೆ ಕೂಡು ಅಂತೀರಿ, ಕೂಡ್ರತೀನಿ. ಒಳಗೆ ನನ್ನ ಮಗಳನ್ನ ಏನು ಕೇಳ್ತೀರಿ, ಏನು ಬರಕೊತೀರಿ, ನನಗೆ ಏನು ಗೊತ್ತಾಗಬೇಕು?"

ಆ ಮಾತು ನಿಜವೆಂದು ಅಂಬಿಕಾಗೆ ಗೊತ್ತಿತ್ತು. ಮಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು, ನೀರು ಕೊಟ್ಟಿದ್ದಳು, ಎದುರು ಕೂರದೆ ಪಕ್ಕದಲ್ಲಿ ಕೂತಿದ್ದಳು. ತಾಯಿಯನ್ನು ಮಾತ್ರ ಮೂರು ವಾರ ಬೆಂಚಿನ ಮೇಲೆ ಕೂರಿಸಿದ್ದಳು. ಹತ್ತು ನಿಮಿಷ ಕೂತು ಹೇಳಿದ್ದರೆ ಈ ಹಗ್ಗದ ಮೇಲೆ ಈ ಬಟ್ಟೆ ಒಣಗುತ್ತಿರಲಿಲ್ಲ. ತಪ್ಪು ತನ್ನದೇ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು, ನಾಚಿಕೆಯೂ ಆಯಿತು.

ಥಟ್ಟನೆ ತಲೆಯೆತ್ತಿ ಹಗ್ಗವನ್ನು ನೋಡಿದಳು. ಟವೆಲ್ಲು, ಪ್ಯಾಂಟು, ಟಾಪು.

"ವೇಲ್ ಎಲ್ಲಿ?"

"ಅದೊಂದು ತಪ್ಪು ತಿಳಿಬ್ಯಾಡ್ರಿ ಮೇಡಂ," ಮಾರೆಮ್ಮ ಮತ್ತೆ ಸಣ್ಣಗಾದಳು. "ಎಷ್ಟು ತಿಕ್ಕಿದ್ರೂ ಕಲೆ ಹೋಗವಲ್ದು. ಮೂರು ಸಲ ಸೋಪು ಹಾಕಿದೆ. ಈಗ ಸೋಡಾದಾಗ ನೆನೆ ಹಾಕೋಣ ಅಂತ ನೀರು ಕಾಯಾಕೆ ಇಟ್ಟೀನಿ. ಅಲ್ಲೈತೆ ನೋಡ್ರಿ."

ಬಚ್ಚಲ ಒಲೆಯ ಪಕ್ಕ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಿಂಡಿದ ವೇಲ್ ಮುದ್ದೆಯಾಗಿ ಕೂತಿತ್ತು. ಒಲೆಯ ಮೇಲೆ ಹಂಡೆಯ ನೀರು ಹಬೆಯಾಡುತ್ತಿತ್ತು. ಅಂಬಿಕಾ ಜಿಗಿದೆದ್ದು ಬುಟ್ಟಿಯನ್ನೇ ಎತ್ತಿಕೊಂಡು ಹಿತ್ತಲ ನೆರಳಿಗೆ ಬಂದಳು. ಹೊಸ ಗ್ಲೌಸು ಹಾಕಿಕೊಂಡು ತುದಿ ಹಿಡಿದು ಮೆಲ್ಲಗೆ ಬಿಡಿಸಿದಳು. ತಿಳಿಹಳದಿ ಬಟ್ಟೆಯ ನಡುವೆ, ಒಂದು ಮೊಳದುದ್ದ, ಕಂದು ಕಲೆ ಇನ್ನೂ ಗಟ್ಟಿಯಾಗಿ ಕೂತಿತ್ತು.

ನಾಲ್ಕು ವಾರ ಒಣಗಿ ನೂಲಿನೊಳಗೆ ಹೊಕ್ಕ ರಕ್ತ. ಒಗೆದ ಬಟ್ಟೆಯಲ್ಲೂ ಒಮ್ಮೊಮ್ಮೆ ಸಿಗುತ್ತದೆ, ಬಿಸಿನೀರಿಗೆ ಮಾತ್ರ ಹಾಕಿರಬಾರದು ಎಂದು ತರಬೇತಿಯಲ್ಲಿ ಪ್ರಯೋಗಾಲಯದವರು ಹೇಳಿದ್ದು ನೆನಪಾಯಿತು. ಖಾತ್ರಿಯಿಲ್ಲ. ಆದರೆ ನಾಳೆ ನ್ಯಾಯಾಧೀಶರ ಮುಂದೆ, ವಸ್ತು ಸಿಕ್ಕಿದೆ, ಪರೀಕ್ಷೆಗೆ ಹೋಗಿದೆ, ವರದಿ ಬರುವ ತನಕ ಜಾಮೀನು ಬೇಡ ಎಂದು ಸರ್ಕಾರಿ ವಕೀಲರು ಗಟ್ಟಿಯಾಗಿ ಹೇಳಬಹುದು.

"ಬಿಸಿನೀರು ಸೋಕಿಲ್ಲ ಹೌದಲ್ಲ?"

"ಇಲ್ರಿ. ಎಲ್ಲಾ ತಣ್ಣೀರಾಗೇ ಒಗೆದಿದ್ದು."

"ಕಲೆ ಹೋಗಲಿಲ್ಲ ಅಂತ ಬೇಜಾರು ಮಾಡ್ಕೋಬ್ಯಾಡ್ರಿ ಮಾರೆಮ್ಮಾರೆ," ಎಂದಳು ಅಂಬಿಕಾ. "ದೇವರು ದೊಡ್ಡೋನು."

ಮುಜಾಹಿದ್ ಫೋನು ಹಿಡಿದು ವಿಡಿಯೋ ಶುರು ಮಾಡಿದ. ಪಕ್ಕದ ಮನೆಯಿಂದ ಇಬ್ಬರನ್ನು ಪಂಚರಾಗಿ ಕರೆತಂದದ್ದಾಯಿತು. ಆದರೆ ಒದ್ದೆ ಬಟ್ಟೆಯನ್ನು ಹಾಗೇ ಕಟ್ಟಿದರೆ ಬೂಸ್ಟು ಹಿಡಿದು ಇದ್ದದ್ದೂ ಹಾಳು. ನೆರಳಿನಲ್ಲಿ ಒಣಗಬೇಕು, ಆಮೇಲೆ ಕಾಗದದ ಕವರು, ಅದರ ಮೇಲೆ ಅರಗಿನ ಮೊಹರು. ಬೆಳಗಿನಿಂದ ಓಡಿದ ಹೆಣ್ಣಿಗೆ ಈಗ ಒಂದು ವೇಲ್ ಒಣಗುವ ತನಕ ಸುಮ್ಮನೆ ಕೂರುವ ಶಿಕ್ಷೆ. ಅವಳು ಕೂರಲಿಲ್ಲ. ಹಿತ್ತಲ ಈ ತುದಿಯಿಂದ ಆ ತುದಿಗೆ ಅಡ್ಡಾಡಿದಳು, ನಾಲ್ಕು ಹೆಜ್ಜೆಗೊಮ್ಮೆ ವೇಲ್ ಕಡೆ ನೋಡಿದಳು.

ಮಾರೆಮ್ಮ ಚಹಾ ತಂದುಕೊಟ್ಟಳು. ಈ ಸಲ ಅಂಬಿಕಾ ಅವಳನ್ನೂ ಕಲ್ಲಿನ ಮೇಲೆ ಕೂರಿಸಿ ತಾನು ಪಕ್ಕಕ್ಕೆ ಕೂತಳು. ನಾಳೆ ಕೋರ್ಟಿನಲ್ಲಿ ಏನಾಗುತ್ತದೆ, ಯಾರು ಎಲ್ಲಿ ನಿಲ್ಲುತ್ತಾರೆ, ಭವ್ಯಾಳಿಗೂ ಮಾತಾಡುವ ಹಕ್ಕಿದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾರೆಮ್ಮ ಶಾಲೆಯ ಹುಡುಗಿಯಂತೆ ತಲೆಯಾಡಿಸುತ್ತಾ ಕೇಳಿಸಿಕೊಂಡಳು.

"ಹುಡುಗಿ ಒಬ್ಬಳೇ ನಿಲ್ಲಬೇಕಾ ಮೇಡಂ?"

"ಒಬ್ಬಳೇ ಯಾಕೆ? ನಾನಿರ್ತೀನಿ, ನೀವಿರ್ತೀರಿ. ಸುನೀತಾನೂ ಬರ್ತಾಳೆ."

ಸುನೀತಾ ಅದೇ ಅಂಗಡಿಯ ಹಿರಿಯ ಗುಮಾಸ್ತೆ. ಭವ್ಯಾ ದೂರು ಕೊಟ್ಟ ಮಾರನೆಯ ದಿನವೇ ಕೆಲಸ ಬಿಟ್ಟು ಠಾಣೆಗೆ ಬಂದು, ಗುರುಮೂರ್ತಿ ಹುಡುಗಿಯರ ಜೊತೆ ಹೇಗೆ ನಡೆದುಕೊಳ್ಳುತ್ತಿದ್ದನೆಂದು ಹೇಳಿಕೆ ಕೊಟ್ಟಿದ್ದಳು. ಮಂಡಿಪೇಟೆಯಲ್ಲಿ ಬಾಯಿಬಿಟ್ಟ ಒಂದೇ ಒಂದು ಜೀವ. ಓಣಿಯವರ ಕಾಟ ತಪ್ಪಿಸಲು ಭವ್ಯಾಳನ್ನು ದಾವಣಗೆರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಇರಿಸಿದ ಮೇಲೂ ಅಲ್ಲಿಗೆ ಹೋಗಿ ಮಾತಾಡಿಸಿ, ಊಟ ಮಾಡಿಸಿ ಬರುತ್ತಿದ್ದವಳು ಅವಳೇ.

"ಸುನೀತಕ್ಕ ಇದ್ರೆ ಧೈರ್ಯ," ಎಂದಳು ಮಾರೆಮ್ಮ. "ಮೊದಲಿಂದ ನಮಗೆ ಆಕೀನೇ ದಿಕ್ಕು. ಉಕ್ಕಡಗಾತ್ರಿಗೂ ಆಕೀನೇ ಕಾರು ಮಾಡಿ ಕರ್ಕೊಂಡು ಹೋಗಿದ್ದು."

ಅಂಬಿಕಾಳ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರ ನಿಂತಿತು. "ಸುನೀತಾ ಕರ್ಕೊಂಡು ಹೋಗಿದ್ಲಾ? ಭವ್ಯಾ ಹೇಳ್ಲಿಲ್ಲ."

"ಆಕೀಗೆ ಎಲ್ಲಿ ನೆಪ್ಪು ಇರತೈತೆ ಮೇಡಂ. ಅವತ್ತು ಯಾರು ಕರೆದ್ರೂ ಓ ಅಂತಿರಲಿಲ್ಲ. ಗೋಡಿ ನೋಡ್ಕೊಂಡು ಕೂತಿದ್ಲು. ನನಗೂ ದಿಕ್ಕು ತೋಚಲಿಲ್ಲ. ಸೋಮವಾರ ಸಂಜಿಗೆ ಸುನೀತಕ್ಕ ಮನಿಗೆ ಬಂದ್ಲು. ನೋಡಿದ ಕೂಡಲೇ, ಇದು ಗಾಳಿ, ಅಮಾಸೆ ದಿನ ಉಕ್ಕಡಗಾತ್ರಿಗೆ ಹೋಗಿ ಬಟ್ಟಿ ಬಿಟ್ಟು ಬರೋಣ ಅಂದ್ಲು."

"ಸೋಮವಾರ ಅಂದ್ರೆ ಯಾವ ಸೋಮವಾರ?"

"ಅದೇ, ಮಾರನೇ ದಿನ."

"ಆಗ ಭವ್ಯಾ ನಿಮಗೆ ಏನಾದ್ರೂ ಹೇಳಿದ್ಲಾ?"

"ಇಲ್ರಿ. ಭಾನುವಾರ ಗೆಳತಿ ಮನಿಗೆ ಹೋಗಿದ್ದೆ ಅಂದಿದ್ಲು ಅಷ್ಟೇ. ಎಂಟು ದಿನ ಆದ ಮ್ಯಾಲೇ ಬಾಯಿ ಬಿಟ್ಟಿದ್ದು."

ಅಂಬಿಕಾ ಲೋಟ ಕೆಳಗಿಟ್ಟಳು. ಬಹಳ ನಿಧಾನವಾಗಿ ಕೇಳಿದಳು.

"ಸುನೀತಾ ಯಾವ ಬಟ್ಟೆ ಬಿಡಬೇಕು ಅಂದ್ಲು?"

"ಭಾನುವಾರ ಹಾಕಿದ್ದು. ಅದನ್ನೇ ಬಿಡಬೇಕು, ಬೇರೆದು ಬಿಟ್ರೆ ಗಾಳಿ ಹೋಗಲ್ಲ ಅಂದ್ಲು. ಒಗೆಯಾಕೂ ಬಿಚ್ಚಿ ನೋಡಾಕೂ ಬಿಡಲಿಲ್ಲ, ಮುದ್ದೆ ಹಂಗೇ ಗಂಟು ಕಟ್ಟು ಅಂದ್ಲು. ವೇಲ್ ಹಾಕಿದ್ಯಾ, ವೇಲ್ ಹಾಕಿದ್ಯಾ ಅಂತ ಎರಡೆರಡು ಸಲ ಕೇಳಿದ್ಲು. ಹೊಳಿ ಮೆಟ್ಟಿಲ ಮ್ಯಾಲೆ ಗಂಟು ಇಟ್ಟು ನಾವು ತಿರುಗಿ ನೋಡದೇ ಬಂದ್ವಿ. ಆಕೀ ಮಾತ್ರ ಒಂದು ಸಲ ತಿರುಗಿ ನೋಡಿದ್ಲು."

"ಬಟ್ಟೆ ಸುಟ್ಟೆ ಅಂತ ನನಗೆ ಹೇಳು ಅಂತ ಹೇಳಿಕೊಟ್ಟಿದ್ದು ಯಾರು?"

"ಆಕೀನೇ. ದೆವ್ವ ಗಿವ್ವ ಅಂದ್ರೆ ಪೊಲೀಸ್ನೋರು ನಗ್ತಾರೆ, ಕೇಸ್ ಬಿದ್ದು ಹೋಗತೈತೆ ಅಂದ್ಲು." ಮಾರೆಮ್ಮ ಅಂಬಿಕಾಳ ಮುಖ ನೋಡಿ ಎದೆ ಹಿಡಿದುಕೊಂಡಳು. "ಯಾಕೆ ಮೇಡಂ? ಏನಾತು?"

ಭಾನುವಾರ ಏನಾಯಿತೆಂದು ಆ ಸೋಮವಾರ ಸಂಜೆ ಹೆತ್ತ ತಾಯಿಗೇ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಗೊತ್ತಿದ್ದವರು ಇಬ್ಬರು, ಭವ್ಯಾ ಮತ್ತು ಗುರುಮೂರ್ತಿ. ಸುನೀತಾ ತನ್ನ ಹೇಳಿಕೆಯಲ್ಲಿ, ದೂರು ದಾಖಲಾದ ಮೇಲೇ ನನಗೆ ವಿಷಯ ತಿಳಿಯಿತು ಎಂದು ಬರೆಸಿ ಸಹಿ ಹಾಕಿದ್ದಳು. ಹಾಗಾದರೆ ವೇಲ್ ಮೇಲೆ ರಕ್ತ ಇದೆಯೆಂದು ಅವಳಿಗೆ ಹೇಳಿದವರು ಯಾರು? ಅಥವಾ ಯಾರೂ ಹೇಳಬೇಕಾಗಿಯೇ ಇರಲಿಲ್ಲವೇ? ಆ ಭಾನುವಾರ ಗೋದಾಮಿನ ಬಾಗಿಲ ಹೊರಗೆ ಅವಳೂ ಇದ್ದಳೇ?

ನಾಳೆ ಅವಳು ಸಾಕ್ಷಿ ಕಟ್ಟೆಯಲ್ಲಿ ಅಲ್ಲ, ಭವ್ಯಾಳ ಪಕ್ಕದಲ್ಲಿ ಕೂರುವವಳಿದ್ದಳು. ಯಾವ ಮಾತು ಹೇಳಿದರೆ ಈ ಹುಡುಗಿ ಮುರಿಯುತ್ತಾಳೆಂದು ಮೂರು ವಾರ ಅನ್ನ ಕಲಸಿ ಕೊಡುತ್ತಾ ಕಲಿತುಕೊಂಡಿದ್ದಳು.

ಅಂಬಿಕಾ ಹಾಸ್ಟೆಲ್ಲಿನ ವಾರ್ಡನ್ ನಾಗಕ್ಕನಿಗೆ ಫೋನ್ ಹಚ್ಚಿದಳು. ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಎರಡನೆಯ ಸಲ ಎತ್ತಿದರು.

"ನಾಗಕ್ಕಾರೆ, ಭವ್ಯಾಗೆ ಫೋನ್ ಕೊಡ್ರಿ. ತಕ್ಷಣ."

"ಭವ್ಯಾ ಇಲ್ಲಲ್ರಿ ಮೇಡಂ. ಈ ಹತ್ತು ನಿಮಿಷ ಆತು. ಸುನೀತಾ ಬಂದು ಕರ್ಕೊಂಡು ಹೋದ್ರು. ನಾಳಿಗೆ ವಕೀಲರು ಏನೋ ಕೇಳಬೇಕಂತೆ, ಬ್ಯಾಗೂ ತಗೊಂಡು ಬಾ ಅಂದ್ರು."

"ಯಾರನ್ನ ಕೇಳಿ ಕಳಿಸಿದ್ರಿ?" ಅಂಬಿಕಾ ಕೂಗಿದಳು. ಹಿತ್ತಲಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹುಡುಗೀನ ಇಲ್ಲಿ ಬಿಟ್ಟ ದಿನ ನೀವೇ ಬರೆದುಕೊಟ್ಟ ಕಾಗದ ಐತಲ್ರಿ ಮೇಡಂ, ನಿಮ್ಮ ಸೀಲು, ನಿಮ್ಮ ಸಹಿ. ಸುನೀತಾ ಯಾವಾಗ ಬಂದ್ರೂ ಕಳಿಸಬೇಕು ಅಂತ. ಅದಕ್ಕೇ ಕಳಿಸಿದೆ." ನಾಗಕ್ಕನ ದನಿಯಲ್ಲಿ ಗಾಬರಿ ಸೇರಿಕೊಂಡಿತು. "ಹುಡುಗಿ ಚಪ್ಪಲಿ ಹಾಕ್ಕೊಂಡೋಳು ಬಾಗಿಲಾಗೆ ಒಂದು ಗಳಿಗೆ ನಿಂತಿದ್ಲು ಮೇಡಂ. ಹೋಗಾಕೆ ಮನಸಿರಲಿಲ್ಲ ಅನ್ನಿಸ್ತು. ಒಂದೇ ಮಾತು ಕೇಳಿದ್ಲು."

"ಏನು?"

"ಇವರನ್ನ ಅಂಬಿಕಾ ಮೇಡಂ ನಂಬ್ಯಾರೆ ಹೌದಲ್ಲ ಆಂಟಿ, ಅಂತ. ನಾನು ಹೌದು ಅಂದೆ."